ನಡುವೆ ಬಿದ್ದ ಅರ್ಧವಿರಾಮ

"ಗುರುಗಳೇ, ಒಂದು ಚುಕ್ಕೆಯಷ್ಟು ತಪ್ಪಿಗೆ ವರ್ಷಗಟ್ಟಲೆ ಸಿಟ್ಟು ಹೊತ್ತವರಿಗೆ ಏನು ಹೇಳಬೇಕು?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಬಂದು ಕಷ್ಟ ಹೇಳಿಕೊಳ್ಳುವವರ ಜೊತೆ ಕುಳಿತು ಮಾತನಾಡುವುದು ಈ ಶಿಷ್ಯನ ಕೆಲಸ. ಅಂದು ಬೆಳಿಗ್ಗೆ ಒಬ್ಬ ಶಾಲಾ ಮಾಸ್ತರರು ಬಂದಿದ್ದರು. ಗಣಿತದ ಪುಸ್ತಕದಲ್ಲಿ ಮಾದರಿ ಲೆಕ್ಕವೊಂದು ತಪ್ಪಾಗಿ ಅಚ್ಚಾಗಿದೆ, ಎಷ್ಟು ಸಲ ಬರೆದರೂ ತಿದ್ದುವವರಿಲ್ಲ ಎಂದು ಅವರು ದಾಸೋಹದ ಮನೆಯಲ್ಲಿ ಎಲ್ಲರ ಮುಂದೆ ಕೂಗಾಡಿದ್ದರು. ಶಿಷ್ಯ ಅವರನ್ನು ಪಕ್ಕಕ್ಕೆ ಕರೆದು, ಸಿಟ್ಟು ಹೊತ್ತವನನ್ನೇ ಮೊದಲು ಸುಡುತ್ತದೆ, ಬಿಟ್ಟುಬಿಡಿ ಎಂದು ಹೇಳಿದ್ದ. ಮಾಸ್ತರರು ಊಟ ಮಾಡದೆಯೇ ಹೊರಟುಹೋಗಿದ್ದರು.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಜಿಲ್ಲೆಯಲ್ಲಿ ಎಲ್ಲ ಆಸ್ಪತ್ರೆಗಳಿಗೂ ಸೇರಿ ಒಂದು ಸಹಾಯವಾಣಿ ಇತ್ತು. ಯಾವ ಆಸ್ಪತ್ರೆಯಲ್ಲಿ ಯಾವ ಔಷಧಿ ಇದೆ ಎಂಬುದನ್ನು ಒಂದು ಡೇಟಾಬೇಸಿನಲ್ಲಿ ತುಂಬಿಟ್ಟಿದ್ದರು. ಯಾರಾದರೂ ಫೋನ್ ಮಾಡಿ ಕೇಳಿದರೆ, ಸಹಾಯವಾಣಿಯವರು ಕಂಪ್ಯೂಟರಿನ ಪರದೆ ನೋಡಿ ಇಂಥ ಕಡೆ ಹೋಗಿ ಎನ್ನುತ್ತಿದ್ದರು. ಆ ಡೇಟಾಬೇಸನ್ನು ನೋಡಿಕೊಳ್ಳುವ ಕೆಲಸಕ್ಕೆ ಮಾಲತೇಶ ಎಂಬ ಯುವಕ ಹೊಸದಾಗಿ ಸೇರಿದ್ದ. ಓದಿದವನು, ಜಾಗರೂಕ. ಗೊತ್ತಿಲ್ಲದ್ದನ್ನು ಊಹಿಸಿ ಮಾಡುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿದ್ದ ಡೇಟಾಬೇಸಿನ ಕೈಪಿಡಿ ತೆರೆದು ನೋಡಿ ಮಾಡುತ್ತಿದ್ದ.

ಒಂದು ಸಂಜೆ, ಅವಧಿ ಮುಗಿದ ಔಷಧಿಗಳ ವಿವರವನ್ನು ತೆಗೆದುಹಾಕು ಎಂದು ಮೇಲಿನವರು ಅವನಿಗೆ ಹೇಳಿದರು. ಅವನು ಕೈಪಿಡಿ ತೆರೆದ. ಅಳಿಸುವ ಆಜ್ಞೆಯ ಪುಟ ಸಿಕ್ಕಿತು.

ಈ ಆಜ್ಞೆಯ ರೀತಿ ಹೀಗೆ. ಯಂತ್ರಕ್ಕೆ ಮೊದಲು ಕೆಲಸ ಹೇಳಬೇಕು, ಆಮೇಲೆ ಷರತ್ತು ಹೇಳಬೇಕು, ಎಲ್ಲ ಮುಗಿದ ಮೇಲೆ ಅರ್ಧವಿರಾಮದ ಚಿಹ್ನೆ ಇಡಬೇಕು. ಆ ಚಿಹ್ನೆ ಕಂಡ ಕೂಡಲೇ ಯಂತ್ರ ಮಾತು ಮುಗಿಯಿತೆಂದು ತಿಳಿದು ಕೆಲಸಕ್ಕೆ ಇಳಿಯುತ್ತದೆ. ಕೈಪಿಡಿಯಲ್ಲಿ ಈ ನಿಯಮ ಸರಿಯಾಗಿಯೇ ಬರೆದಿತ್ತು. ಅದರ ಕೆಳಗೆ ಅಂಗಡಿಯ ಸಾಮಾನಿನ ಉದಾಹರಣೆ ಕೊಟ್ಟಿದ್ದರು. ಸಾಮಾನುಗಳನ್ನು ಅಳಿಸು, ಅವಧಿ ಮುಗಿದಿದ್ದರೆ, ಎಂದು ಅದರ ಅರ್ಥ. ಆದರೆ ಕೊನೆಯಲ್ಲಿ ಇರಬೇಕಾದ ಅರ್ಧವಿರಾಮ ನಡುವೆ ಬಿದ್ದಿತ್ತು. ಅಳಿಸು ಎಂಬ ಮಾತು ಮುಗಿದ ಕೂಡಲೇ.

ಮಾಲತೇಶ ಉದಾಹರಣೆಯನ್ನು ಇದ್ದ ಹಾಗೆ ಬರೆದುಕೊಂಡ. ಸಾಮಾನು ಎಂಬಲ್ಲಿ ಔಷಧಿ ಎಂದು ಬದಲಿಸಿದ. ಆಜ್ಞೆ ಕೊಟ್ಟ.

ಯಂತ್ರ ಮೊದಲ ಮಾತನ್ನು ಓದಿತು. ಔಷಧಿಗಳನ್ನು ಅಳಿಸು. ಅದು ಎಲ್ಲವನ್ನೂ ಅಳಿಸಿತು. ಆಮೇಲೆ ಉಳಿದ ಮಾತನ್ನು ಓದಿತು. ಅವಧಿ ಮುಗಿದಿದ್ದರೆ. ಈ ವಾಕ್ಯದಲ್ಲಿ ತಪ್ಪಿದೆ, ಅರ್ಥವಾಗಲಿಲ್ಲ ಎಂದು ಪರದೆಯ ಮೇಲೆ ಹೇಳಿತು.

ತಪ್ಪಿದೆ ಎಂಬ ಮಾತು ಕಂಡು ಮಾಲತೇಶ ತನ್ನ ಆಜ್ಞೆ ನಡೆಯಲಿಲ್ಲ ಎಂದುಕೊಂಡ. ನಿಯಮವನ್ನು ಮತ್ತೆ ಓದಿ, ಚಿಹ್ನೆಯನ್ನು ಕೊನೆಗೆ ಇಟ್ಟು ಇನ್ನೊಮ್ಮೆ ಬರೆದ. ಅಳಿಸುವಂಥದ್ದು ಏನೂ ಇಲ್ಲ ಎಂದು ಯಂತ್ರ ಉತ್ತರ ಕೊಟ್ಟಿತು. ಹಾಗಾದರೆ ಅವಧಿ ಮುಗಿದ ಔಷಧಿ ಒಂದೂ ಇಲ್ಲ, ಒಳ್ಳೆಯದಾಯಿತು ಎಂದುಕೊಂಡು ಅವನು ಮನೆಗೆ ಹೋದ.

ಮರುದಿನ ಮಧ್ಯಾಹ್ನ, ಹಾಲಪ್ಪ ಎಂಬ ಕುರಿಗಾರನಿಗೆ ಹೊಲದ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತು. ಅವನ ಹೆಂಡತಿ ಬೀರವ್ವ ಅಲ್ಲಿಯೇ ಕುರಿಗಳ ಹಿಂದೆ ಇದ್ದಳು. ಅವಳು ಕೂಗಿದ್ದಕ್ಕೆ ಪಕ್ಕದ ಹೊಲದವರು ಓಡಿ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಟಂಟಂ ಆಟೋ ಒಂದನ್ನು ನಿಲ್ಲಿಸಿ ಹಾಲಪ್ಪನನ್ನು ಮಲಗಿಸಿದರು. ಟಂಟಂ ಓಡಿಸುವವನು ತಿಳಿದವನು, ಸಹಾಯವಾಣಿಗೆ ಫೋನ್ ಮಾಡಿ, ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಎಲ್ಲಿದೆ ಎಂದು ಕೇಳಿದ. ಆ ದಿನ ಔಷಧಿ ಕೇಳಿ ಬಂದ ಮೊದಲ ಕರೆ ಅದು. ಸಹಾಯವಾಣಿಯ ಹೆಣ್ಣುಮಗಳು ಪರದೆ ನೋಡಿದಳು. ತಾಲೂಕು ಆಸ್ಪತ್ರೆಯಲ್ಲಿ ಇಲ್ಲ ಎಂದಿತ್ತು. ಕಂಡದ್ದನ್ನೇ ಹೇಳಿದಳು. ಅಲ್ಲಿ ನಿಲ್ಲಬೇಡಿ, ಹೊತ್ತು ಹಾಳು, ದೊಡ್ಡ ಆಸ್ಪತ್ರೆಯಲ್ಲಾದರೆ ಇದ್ದೇ ಇರುತ್ತದೆ, ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದಳು.

ತಾಲೂಕು ಆಸ್ಪತ್ರೆಯ ಗೇಟಿನ ಮುಂದೆಯೇ ಅವರು ಹೋದರು. ಗಂಡನ ಕಾಲು ಬಾತು ಕಪ್ಪಾಗುತ್ತಿತ್ತು. ಬೀರವ್ವ ಆ ಗೇಟನ್ನು ನೋಡಿದಳು, ಇಳಿಸೋಣವೇ ಎಂದು ಕೇಳಿದಳು. ಇಲ್ಲಿ ಮದ್ದಿಲ್ಲವಂತೆ ಎಂದು ಟಂಟಂನವನು ಹೇಳಿದ. ಜಿಲ್ಲೆಯ ಊರು ಇನ್ನೂ ಕಾಣುವ ಮೊದಲೇ ಹಾಲಪ್ಪನ ಬಾಯಲ್ಲಿ ರಕ್ತ ಬಂತು. ಅವಳ ತೊಡೆಯ ಮೇಲೆಯೇ ಅವನ ಜೀವ ಹೋಯಿತು.

ಆ ಹೊತ್ತಿನಲ್ಲಿ ತಾಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಚುಚ್ಚುಮದ್ದಿನ ಸೀಸೆಗಳು ತುಂಬಿದ್ದವು.

ವಿಷಯ ತಿಳಿದ ಮೇಲೆ ಓಡಾಟವಾಯಿತು. ಹಿಂದೆ ತೆಗೆದಿಟ್ಟಿದ್ದ ಪ್ರತಿಯಿಂದ ಡೇಟಾಬೇಸನ್ನು ಮತ್ತೆ ತುಂಬಿಸಿದರು. ಕಳೆದುಹೋದ ಸಾಲುಗಳೆಲ್ಲ ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದವು. ವಿಚಾರಣೆ ನಡೆಯಿತು. ಮಾಲತೇಶ ತಾನು ಮಾಡಿದ್ದನ್ನು ಮುಚ್ಚಿಡಲಿಲ್ಲ. ಕೈಪಿಡಿಯಲ್ಲಿ ಇದ್ದ ಹಾಗೆ ಬರೆದೆ, ಆದರೆ ಆಮೇಲೆ ತೆರೆದು ನೋಡಬೇಕಿತ್ತು, ನೋಡಲಿಲ್ಲ, ಅದು ನನ್ನ ತಪ್ಪು ಎಂದ. ವಿಚಾರಣೆಯವರು ಕೊನೆಯ ಮಾತನ್ನಷ್ಟೇ ಹಿಡಿದುಕೊಂಡರು. ಅವನನ್ನು ಕೆಲಸದಿಂದ ತೆಗೆದರು. ತಪ್ಪು ಮಾಡಿದವನು ಸಿಕ್ಕಿದ ಮೇಲೆ ಎಲ್ಲರಿಗೂ ಸಮಾಧಾನವಾಯಿತು. ಕೈಪಿಡಿಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಮಾಲತೇಶ ಕೈಪಿಡಿ ಹೊರತರುವ ಸಂಸ್ಥೆಗೆ ಬರೆದ. ಇಂಥ ಪುಟದಲ್ಲಿ ಇಂಥ ಚಿಹ್ನೆ ತಪ್ಪಿದೆ, ಇದರಿಂದ ಹೀಗಾಯಿತು ಎಂದು ತಿಳಿಸಿದ. ಗಮನಕ್ಕೆ ತಂದದ್ದಕ್ಕೆ ಧನ್ಯವಾದಗಳು ಎಂದು ಉತ್ತರ ಬಂತು. ಅವನು ಮತ್ತೆ ಬರೆದ. ಮತ್ತೆ ಅದೇ ಉತ್ತರ ಬಂತು.

ಅವನಿಗೆ ಊಟ ಸೇರದಾಯಿತು. ಒಂದು ದಿನ ಬಸ್ ಹತ್ತಿ ಬೀರವ್ವನ ಊರಿಗೆ ಹೋದ. ಅವಳು ಅಂಗಳದಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ಅವನು ಅವಳ ಮುಂದೆ ನೆಲದ ಮೇಲೆ ಕುಳಿತ. ತಾನು ಯಾರೆಂದು ಹೇಳಿದ. ಆಗಿದ್ದೆಲ್ಲವನ್ನೂ ಹೇಳಿದ. ಹೊಡೆಯಬೇಕೆನಿಸಿದರೆ ಹೊಡೆ, ಬೈಯಬೇಕೆನಿಸಿದರೆ ಬೈಯಿ, ಅದಕ್ಕೇ ಬಂದಿದ್ದೇನೆ ಎಂದ. ಸುತ್ತ ಜನ ಸೇರಿತ್ತು. ಹಾಲಪ್ಪನ ತಮ್ಮಂದಿರೂ ಇದ್ದರು. ಹೊಡೆಯುವವರ ಹಾಗೆಯೇ ನಿಂತಿದ್ದರು.

ಬೀರವ್ವ ಅವರನ್ನು ಕೈ ಮಾಡಿ ತಡೆದಳು. ಅವನು ಹೇಳಿದ್ದನ್ನು ಮನಸ್ಸಿನಲ್ಲಿ ತಿರುವಿ ಹಾಕಿದಳು. ಆಮೇಲೆ ಕೇಳಿದಳು.

"ತಮ್ಮಾ, ಆ ಹಾಳಿ ಇನ್ನೂ ಹಂಗೇ ಐತೇನು?"

"ಹಾಗೇ ಇದೆ, ಅವ್ವ."

"ಅದನ್ನ ನೋಡಿ ನಾಳೆ ಇನ್ನೊಬ್ಬಾತ ಬರೀಬಹುದೇನು?"

"ಬರೆಯಬಹುದು."

ಅಲ್ಲಿಯವರೆಗೆ ಅವಳು ಅತ್ತಿದ್ದಳು, ಸಿಟ್ಟು ಮಾಡಿರಲಿಲ್ಲ. ಹಾವಿಗೆ ಏನೆಂದು ಸಿಟ್ಟು ಮಾಡುವುದು? ಹಣೆಬರಹಕ್ಕೆ ಏನೆಂದು ಸಿಟ್ಟು ಮಾಡುವುದು? ಈಗ ಅವಳ ಮುಖ ಬದಲಾಯಿತು. ನೂಲು ಕೆಳಗಿಟ್ಟಳು. ಕುರಿಗಳನ್ನು ಮೈದುನರಿಗೆ ಒಪ್ಪಿಸಿದಳು. ಕಂಬಳಿ ಹೆಗಲಿಗೆ ಹಾಕಿಕೊಂಡು, ಆ ಹಾಳೆ ಮಾಡಿದವರ ಮನೆ ಎಲ್ಲಿದೆ ತೋರಿಸು ನಡೆ ಎಂದಳು.

ಅವರಿಬ್ಬರೂ ನಗರಕ್ಕೆ ಹೋದರು. ಸಂಸ್ಥೆಯಲ್ಲಿ ಕೈಪಿಡಿಯ ಸಂಪಾದಕನ ಕೋಣೆಗೆ ಅವರನ್ನು ಬಿಟ್ಟರು. ಸಂಪಾದಕ ಒರಟನಲ್ಲ. ಕುರ್ಚಿ ಕೊಟ್ಟ, ನೀರು ತರಿಸಿದ, ಆದದ್ದಕ್ಕೆ ದುಃಖವಾಗಿದೆ ಎಂದ. ಆಮೇಲೆ ವಿವರಿಸತೊಡಗಿದ. ನಿಯಮವನ್ನು ತಾವು ಸರಿಯಾಗಿಯೇ ಬರೆದಿದ್ದೇವೆ. ಉದಾಹರಣೆ ಬರೀ ತೋರಿಸುವುದಕ್ಕೆ ಕೊಟ್ಟದ್ದು. ತಿಳಿದವರು ಓದಿದರೆ ಚಿಹ್ನೆ ಎಲ್ಲಿರಬೇಕೆಂದು ಅವರಿಗೇ ಗೊತ್ತಾಗುತ್ತದೆ.

ತಿಳಿದವರು ಕೈಪಿಡಿಯನ್ನು ಯಾಕೆ ತೆರೆಯುತ್ತಾರೆ ಎಂದು ಮಾಲತೇಶ ಕೇಳಿದ.

ಸಂಪಾದಕ ಮಾತು ತಿರುಗಿಸಿದ. ತಾವು ಓದುಗರ ಮಾತನ್ನು ಕಡೆಗಣಿಸುವವರಲ್ಲ ಎಂದ. ಈ ಚಿಹ್ನೆಯ ವಿಷಯವಾಗಿ ಹಿಂದೆಯೂ ಹಲವರು ಬರೆದಿದ್ದಾರೆ, ಒಬ್ಬೊಬ್ಬರಿಗೂ ತಪ್ಪದೆ ಧನ್ಯವಾದ ಹೇಳಿದ್ದೇವೆ ಎಂದ.

ಬೀರವ್ವ ತಲೆ ಎತ್ತಿದಳು. ತಪ್ಪು ಎಂದು ಮೊದಲೇ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು, ಸಣ್ಣದಾದ್ದರಿಂದ ಮುಂದಿನ ಆವೃತ್ತಿಗೆ ಇಟ್ಟುಕೊಂಡಿದ್ದೇವೆ ಎಂದು ಅವನು ಹೇಳಿದ. ಹೇಳಿದ ಮೇಲೆ ತಾನು ಹೇಳಿದ್ದು ಅವನ ಕಿವಿಗೇ ಬಿದ್ದಿರಬೇಕು. ಮೇಜಿನ ಮೇಲಿದ್ದ ಕಾಗದಗಳನ್ನು ಸರಿಪಡಿಸಿದ.

ಬೀರವ್ವ ಕುರ್ಚಿಯಿಂದ ಎದ್ದಳು. ಹೋಗುತ್ತಾಳೆಂದು ಸಂಪಾದಕ ತಿಳಿದ. ಅವಳು ಬಾಗಿಲಿಗೆ ಅಡ್ಡವಾಗಿ ಕಂಬಳಿ ಹಾಸಿ ಕುಳಿತಳು. ತನ್ನ ಕಣ್ಣೆದುರಿಗೆ ತಿದ್ದಿದರೆ ಏಳುತ್ತೇನೆ, ಇಲ್ಲವಾದರೆ ಏಳುವುದಿಲ್ಲ ಎಂದಳು. ತಿದ್ದುವುದಕ್ಕೆ ಒಂದು ಕ್ರಮವಿದೆ, ಒಬ್ಬರು ನೋಡಿ ಇನ್ನೊಬ್ಬರು ಒಪ್ಪಬೇಕು, ಒಪ್ಪುವವರು ಊರಲ್ಲಿಲ್ಲ ಎಂದು ಸಂಪಾದಕ ಹೇಳಿದ. ಅವಳು ಕಾಯುತ್ತೇನೆ ಎಂದಳು. ಜನ ಅವಳನ್ನು ದಾಟಿಕೊಂಡು ಓಡಾಡಿದರು. ಊಟದ ಹೊತ್ತಾಯಿತು. ಯಾರೋ ತಟ್ಟೆ ತಂದಿಟ್ಟರು, ಅವಳು ಮುಟ್ಟಲಿಲ್ಲ. ಸಂಪಾದಕನ ಸೌಜನ್ಯ ಮುಗಿಯಿತು. ಕಾವಲಿನವರನ್ನು ಕರೆಸಿದ. ಕಾವಲಿನವನು ಬಂದು ಅವಳನ್ನು ನೋಡಿದ, ವಿಷಯ ಏನೆಂದು ಮಾಲತೇಶನಿಂದ ಕೇಳಿ ತಿಳಿದ, ಇವರನ್ನು ನಾನು ಮುಟ್ಟುವುದಿಲ್ಲ ಸಾರ್ ಎಂದು ಹೇಳಿ ಹೊರಗೆ ಹೋಗಿ ನಿಂತ.

ಬಿಸಿಲು ಇಳಿಯುವ ಹೊತ್ತಿಗೆ ಸಂಪಾದಕ ಸೋತ. ಅವಳನ್ನು ಕಂಪ್ಯೂಟರಿನ ಹತ್ತಿರ ಕರೆದ. ಪುಟ ತೆರೆದ. ಅರ್ಧವಿರಾಮವನ್ನು ನಡುವಿನಿಂದ ತೆಗೆದು ಕೊನೆಗೆ ಇಟ್ಟ. ಒಂದು ಗುಂಡಿ ಒತ್ತಿದ. ಆಯಿತು, ಈಗ ಲೋಕದಲ್ಲಿ ಯಾರು ತೆರೆದರೂ ಸರಿಯಾದದ್ದೇ ಕಾಣುತ್ತದೆ ಎಂದ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಹಿಡಿಯಿತು.

ಬೀರವ್ವ ಪರದೆಯನ್ನು ನೋಡಿದಳು. ಅವನ ಬೆರಳನ್ನು ನೋಡಿದಳು.

"ಇಷ್ಟೇ ಏನು ಕೆಲಸ?" ಎಂದು ಕೇಳಿದಳು.

ಸಂಪಾದಕ ಇಷ್ಟೇ ಎಂದ.

"ಇದೇನೋ ಭಾಳ ಕಷ್ಟದ ಕೆಲಸ, ಅದಕ್ಕೇ ಯಾರ ಕೈಲೂ ಆಗಿಲ್ಲ ಅಂತ ತಿಳಿದು ಇಷ್ಟೊತ್ತು ನನ್ನ ಸಿಟ್ಟು ಹಿಡಕೊಂಡು ಕುಂತಿದ್ದೆ. ಇಷ್ಟೇ ಕೆಲಸಕ್ಕ ನನ್ನ ಗಂಡನ್ನ ಆಸ್ಪತ್ರೆ ಬಾಗಿಲ ಮುಂದ ಹಾದು ಒಯ್ದೆನೇನು?"

ಆ ಕೋಣೆಯ ಹೊರಗೆ ಕುಳಿತಿದ್ದವರಿಗೆಲ್ಲ ಅವಳ ದನಿ ಕೇಳಿಸಿತು. ಬರೆಯುತ್ತಿದ್ದವರು ಕೈ ನಿಲ್ಲಿಸಿದರು. ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. ಅವಳು ಉಸಿರು ತೆಗೆದುಕೊಂಡು, ಇಂಥವು ಇನ್ನೂ ಎಷ್ಟಿವೆ ಎಂದು ಕೇಳಿದಳು.

ಆಗ ಅವನು ನಿಜ ಹೇಳಿದ. ಗೊತ್ತಿಲ್ಲ ಎಂದ. ಉದಾಹರಣೆಗಳನ್ನು ಬರೆದವರು ಬರೆದು ಹೋಗಿದ್ದಾರೆ, ಯಂತ್ರಕ್ಕೆ ಕೊಟ್ಟು ನಡೆಯುತ್ತದೆಯೇ ಎಂದು ಯಾರೂ ನೋಡಿಲ್ಲ ಎಂದ.

ಹಾಗಾದರೆ ಇವನನ್ನು ಕೂರಿಸು, ಇವನು ನೋಡುತ್ತಾನೆ ಎಂದು ಬೀರವ್ವ ಮಾಲತೇಶನನ್ನು ಮುಂದಕ್ಕೆ ತಳ್ಳಿದಳು. ಮಾಲತೇಶ ಬೇಡವೆನ್ನಲಿಲ್ಲ. ಸಂಪಾದಕನೂ ಬೇಡವೆನ್ನಲಿಲ್ಲ. ಅವನಿಗೆ ಅಂದು ನಾಚಿಕೆಯಾಗಿತ್ತೋ ಹೆದರಿಕೆಯಾಗಿತ್ತೋ ನನಗೆ ತಿಳಿಯದು. ಅವಳು ಕಂಬಳಿ ಮಡಚಿಕೊಂಡು ಊರಿಗೆ ಹೋದಳು.

ಮಾಲತೇಶ ಒಂದು ಖಾಲಿ ಡೇಟಾಬೇಸನ್ನು ಮುಂದಿಟ್ಟುಕೊಂಡು ಕೈಪಿಡಿಯನ್ನು ಮೊದಲ ಪುಟದಿಂದ ಹಿಡಿದ. ಪ್ರತಿ ಉದಾಹರಣೆಯನ್ನೂ ಇದ್ದ ಹಾಗೆಯೇ ಬರೆದು ನಡೆಸಿ ನೋಡಿದ. ಒಂದರಲ್ಲಿ ಆವರಣ ಮುಚ್ಚಿರಲಿಲ್ಲ. ಒಂದರಲ್ಲಿ ಉದ್ಧರಣ ಚಿಹ್ನೆ ಬಿಟ್ಟುಹೋಗಿತ್ತು. ಇವುಗಳಿಗೆ ಅವನು ಹೆಚ್ಚು ಹೆದರಲಿಲ್ಲ. ಅಂಥವನ್ನು ಯಂತ್ರವೇ ಒಪ್ಪುವುದಿಲ್ಲ, ಓದುಗ ಒಂದು ದಿನ ಪೇಚಾಡುತ್ತಾನೆ, ಅಷ್ಟೇ. ಅರ್ಧ ನಡೆದು ಅರ್ಧ ನಿಲ್ಲುವ ಉದಾಹರಣೆ ಸಿಕ್ಕಿದಾಗ ಮಾತ್ರ ಅವನು ಉಳಿದದ್ದನ್ನು ಬಿಟ್ಟು ಮೊದಲು ಅದನ್ನು ತಿದ್ದಿಸುತ್ತಿದ್ದ. ಅಂಥವೂ ಸಿಕ್ಕಿದವು.

ಅವನ ಸಿಟ್ಟು ಇಳಿಯಲಿಲ್ಲ, ಬೆಳೆಯಿತು. ನಡೆಸಿ ನೋಡದ ಉದಾಹರಣೆಯನ್ನು ಯಾರು ತಂದುಕೊಟ್ಟರೂ ಹಿಂದಕ್ಕೆ ಎಸೆಯುತ್ತಿದ್ದ. ಸಂಸ್ಥೆಯಲ್ಲಿ ಅವನಿಗೆ ಚುಕ್ಕೆ ಸಾಹೇಬ ಎಂದು ಹೆಸರಿಟ್ಟರು. ಅವನು ಬಂದರೆ ಚಹಾ ಕುಡಿಯುತ್ತಿದ್ದವರು ಎದ್ದು ಹೋಗುತ್ತಿದ್ದರು. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬರೆದದ್ದರಲ್ಲಿ ಅಂಥದೇ ತಪ್ಪು ಕಂಡು, ನಿನ್ನ ಕೈಗೆ ಯಾರ ಹೆಣ ಬೇಕು ಎಂದುಬಿಟ್ಟ. ಅವಳು ಅಳುತ್ತ ಹೊರಗೆ ಹೋದಳು.

ಅದೇ ವಾರ ಬೀರವ್ವ ಕಂಬಳಿ ಮಾರಲು ನಗರಕ್ಕೆ ಬಂದವಳು ಸಂಸ್ಥೆಗೂ ಬಂದಳು. ನಗರಕ್ಕೆ ಬಂದಾಗಲೆಲ್ಲ ಅವಳು ಅಲ್ಲಿಗೆ ಬಂದು, ಇನ್ನೂ ಎಷ್ಟು ಉಳಿದಿವೆ ಎಂದು ಕೇಳದೆ ಹೋಗುತ್ತಿರಲಿಲ್ಲ. ಹುಡುಗಿಯ ವಿಷಯ ಬಾಗಿಲಲ್ಲಿಯೇ ಅವಳ ಕಿವಿಗೆ ಬಿತ್ತು. ಅವಳು ಮಾಲತೇಶನನ್ನು ಎಲ್ಲರೆದುರು ಬೈದಳು. ಸಿಟ್ಟು ಹಾಳೆಯ ಮೇಲೆ ಇರಲಿ, ಹುಡುಗಿಯ ಮೇಲೆ ಯಾಕೆ, ನಾನು ನಿನ್ನನ್ನು ಅಂಗಳದಲ್ಲಿ ಹೊಡೆಸಿದ್ದೆನೇ ಎಂದು ಕೇಳಿದಳು. ಅವನು ಹುಡುಗಿಯ ಬಳಿ ಹೋಗಿ ತಪ್ಪಾಯಿತೆಂದ. ಆಮೇಲೆ ಅವಳ ಪಕ್ಕದಲ್ಲಿ ಕುಳಿತು ಆ ಉದಾಹರಣೆಯನ್ನು ಅವಳ ಕೈಯಿಂದಲೇ ನಡೆಸಿದ. ಖಾಲಿಯಾದ ಪರದೆಯನ್ನು ನೋಡಿ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮುಂದೆ ಅವಳೂ ಅವನ ಜೊತೆ ಆ ಕೆಲಸಕ್ಕೆ ಕುಳಿತಳು.

ಬೀರವ್ವನ ಊರಿನಲ್ಲಿ ಹಿರಿಯರು ಅವಳಿಗೆ ಬುದ್ಧಿ ಹೇಳಿದರು. ಗಂಡ ಸತ್ತು ಇಷ್ಟು ವರ್ಷವಾಯಿತು, ಆ ಹಾಳೆಯನ್ನೂ ತಿದ್ದಿದರು, ಮಾಡಿದವನು ಬಂದು ಕಾಲು ಹಿಡಿದ, ಇನ್ನಾದರೂ ಕ್ಷಮಿಸಿ ಸುಮ್ಮನಿರು ಎಂದರು. ದೇವರ ಕಟ್ಟೆಯ ಮೇಲೆ ಕೂರಿಸಿಕೊಂಡು, ಭಂಡಾರದ ಅರಿಶಿನ ಹಣೆಗೆ ಹಚ್ಚಿ ಹೇಳಿದರು.

ಅವಳು ಭಂಡಾರ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಕ್ಷಮಾ ಮಾಡೇನಿ," ಎಂದಳು. "ಸಿಟ್ಟು ಬಿಟ್ಟಿಲ್ಲ."

ಮರುವಾರ ಮತ್ತೆ ಕಂಬಳಿ ಹೊತ್ತು ನಗರದ ಬಸ್ ಹತ್ತಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆದರೂ ಗುರುಗಳೇ, ಆ ಸಿಟ್ಟನ್ನು ಅಂದೇ ಬಿಟ್ಟಿದ್ದರೆ ಬೀರವ್ವನಿಗೆ ಶಾಂತಿ ಸಿಗುತ್ತಿರಲಿಲ್ಲವೇ?"

"ಸಿಗುತ್ತಿತ್ತು," ಎಂದರು ಗುರುಗಳು, "ಅವಳೊಬ್ಬಳಿಗೆ."